ಸೊಲ್ಲಾಪುರದ ಕಲ್ಯಾಣಕುಮಾರ

ಅವ್ವ ಹೊಲಿದ ಕೌದಿಯ ಮೇಲೆ ಕಂಡವರೆಲ್ಲ ಮಲಗೆದ್ದು ಹೋಗುತ್ತಿದ್ದಾರೆಂಬುದು ಸಕ್ಕುಬಾಯಿಗೆ ಗೊತ್ತಾದದ್ದು ಸೊಸೆ ಶೈಲಶ್ರೀಯ ಫೋನಿನಿಂದ. ಗಾಣಗಾಪುರದ ತವರುಮನೆಯನ್ನು ತಮ್ಮನ ಹೆಂಡತಿ ಸುಭದ್ರಾಬಾಯಿ ದತ್ತನ ದರ್ಶನಕ್ಕೆ ಬರುವವರಿಗೆ ಬಾಡಿಗೆಗೆ ಬಿಟ್ಟಿದ್ದಳು; ತಾನು ಆಳಂದದಲ್ಲಿ ಕೂತು ಫೋನಿನಲ್ಲೇ ಮನೆ ನಡೆಸುತ್ತಿದ್ದಳು. ಗಿರಾಕಿಗಳಿಗೆಂದು ಹಾಕಿದ ಫೋಟೋದಲ್ಲಿ, ಮಂಚದ ಮೇಲೆ, ಅವ್ವ ನಿಂಬೆವ್ವನ ಕೌದಿ. ಅಪ್ಪನ ರುಮಾಲಿನ ಕೆಂಪು, ಅವ್ವನ ಇಳಕಲ್ ಸೆರಗು, ಮೂಲೆಗೊಂದು ಹಸಿರು ತುಂಡು. ಆ ಹಸಿರು ಸಕ್ಕುಬಾಯಿ ಉಟ್ಟ ಮೊಟ್ಟಮೊದಲ ಲಂಗದ್ದು.

ಜೇವರ್ಗಿಯ ಸಕ್ಕುಬಾಯಿಯ ಮನೆಯಲ್ಲಿ ಸೋಮವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ನಿಂಬೆವ್ವನ ಸಂತತಿಯ ಕೂಸುಗಳೆಲ್ಲ ತೊಟ್ಟಿಲಲ್ಲಿ ಮೊದಲು ಮಲಗಿದ್ದು ಅದೇ ಕೌದಿಯ ಮೇಲೆ. ಸಕ್ಕುಬಾಯಿ ಸುಭದ್ರಾಬಾಯಿಗೆ ಫೋನು ಮಾಡಿ ಕೇಳಿದಳು.

"ಕೌದಿ ನೋಡೇ ಗಿರಾಕಿ ಬರ್ತಾರ್ರಿ ಅಕ್ಕಾ. ಅದನ್ನ ಕೊಟ್ಟು ಮಂಚಕ್ಕ ನಾ ಗೋಣಿಚೀಲ ಹಾಸಲೇನು?"

"ಒಂದ ದಿನಕ್ಕರೆ ಕೊಡಬೇ. ಕೂಸಿಗಿ."

"ನೋಡೋಣ್ರಿ."

ನೋಡೋಣ ಎಂದರೆ ಇಲ್ಲ. ಸಕ್ಕುಬಾಯಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ತನ್ನ ಬದುಕಿನುದ್ದಕ್ಕೂ ಆಕೆ ಎಷ್ಟೋ ಜನಕ್ಕೆ ನೋಡೋಣ ಎಂದಿದ್ದಳು, ಒಮ್ಮೆಯೂ ನೋಡಿರಲಿಲ್ಲ.

ನಿಂಬೆವ್ವ ಹೇಳುತ್ತಿದ್ದ ಕತೆಯೊಂದರಲ್ಲಿ ನರಿಯೊಂದು ತೆನೆ ಕದಿಯುವ ಮುಂಚೆ ಹುಲ್ಲಿನ ಮನುಷ್ಯನನ್ನು ಕಟ್ಟಿ ಹೊಲದ ನಡುವೆ ನಿಲ್ಲಿಸುತ್ತದೆ. ಒಡೆಯನ ಬಡಿಗೆಯ ಏಟೆಲ್ಲ ಹುಲ್ಲಿಗೆ, ತೆನೆಯೆಲ್ಲ ನರಿಗೆ. ಸಕ್ಕುಬಾಯಿಯೂ ಮೊದಲು ಕಳ್ಳನನ್ನು ಕಟ್ಟಿದಳು. ಹೆಸರು ಕಲ್ಯಾಣಕುಮಾರ, ಊರು ಸೊಲ್ಲಾಪುರ. ಮೂಲೆ ಸೇರಿದ್ದ ಹಳೆಯ ಫೋನಿಗೆ ಯಾರಿಗೂ ಗೊತ್ತಿಲ್ಲದ ನಂಬರು ಹಾಕಿ, ಅವನ ಹೆಸರಲ್ಲಿ ಮನೆ ಹಿಡಿದಳು.

ಫೋನಿನ ಕ್ಯಾಲೆಂಡರಿನಲ್ಲಿ ಗುರುವಾರದ ಚೌಕ ಒತ್ತಿದಳು, ಶನಿವಾರದ ಚೌಕ ಒತ್ತಿದಳು. ನಡುವೆ ಹಸಿರು ಪಟ್ಟಿಯೊಂದು ಹಾಸಿಕೊಂಡಿತು. ಗುರುವಾರ, ಶುಕ್ರವಾರ, ಶನಿವಾರ: ಮೂರು ದಿನ ಕಲ್ಯಾಣಕುಮಾರನವು. ಗಾಣಗಾಪುರದಲ್ಲಿ ಸೇವೆಗೆ ಕೂತವರು ಎಣಿಸುವುದೂ ಹೀಗೆಯೇ. ಕೂತ ದಿನವೂ ಲೆಕ್ಕಕ್ಕುಂಟು, ಏಳುವ ದಿನವೂ ಲೆಕ್ಕಕ್ಕುಂಟು. ಪಟ್ಟಿ ಮಾತ್ರ ಗುರುವಾರದ ಚೌಕದ ನಟ್ಟನಡುವೆ ಶುರುವಾಗಿ ಶನಿವಾರದ ನಟ್ಟನಡುವೆ ನಿಂತಿತ್ತು. ಕೌದಿಗೆ ಅಂಚು ಬಿಡುವಂತೆ ಚೆಂದಕ್ಕೆ ಬಿಟ್ಟಿದ್ದಾರೆಂದು ಸಕ್ಕುಬಾಯಿ ಮೆಚ್ಚಿಕೊಂಡಳು. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಕೀಲಿಕೈ ಇರುತ್ತದೆಂದೂ, ಪೆಟ್ಟಿಗೆ ತೆರೆಯುವ ಅಂಕಿ ಇಂಥದೆಂದೂ ಸುಭದ್ರಾಬಾಯಿಯಿಂದಲೇ ಸಂದೇಶ ಬಂತು. ಕೊನೆಗೆ ಕೈಮುಗಿದ ಚಿತ್ರ ಬೇರೆ!

ಗುರುವಾರ ದತ್ತನ ವಾರ; ಅರ್ಧ ಜೇವರ್ಗಿ ಗಾಣಗಾಪುರದಲ್ಲಿರುತ್ತದೆ, ಯಾರಾದರೂ ಗುರುತು ಹಿಡಿದಾರು. ಶುಕ್ರವಾರವೂ ಬೇಡ. ಬಂದ ಮರುದಿನವೇ ಕದಿಯುವ ಕಳ್ಳ ಕತೆಯಲ್ಲೂ ಇಲ್ಲ. ಉಂಡು, ಮಲಗಿ, ಹೋಗುವ ದಿನ ಗಂಟು ಕಟ್ಟುತ್ತಾನೆ. ಹಾಗಾಗಿ ಶನಿವಾರವೇ ಸರಿ. ಮನೆ ಗುಡಿಸುವ ಸಾಬವ್ವ ರವಿವಾರ ಬರುತ್ತಾಳೆ, ಬೊಬ್ಬೆ ಹೊಡೆಯುತ್ತಾಳೆ, ಸೊಲ್ಲಾಪುರದ ಕಲ್ಯಾಣಕುಮಾರನಿಗೆ ಏಳು ತಲೆಮಾರು ಸಾಲುವಷ್ಟು ಶಾಪ ಬೀಳುತ್ತದೆ. ತೊಟ್ಟಿಲಲ್ಲಿ ಕೌದಿಯ ಮೇಲೊಂದು ಬಿಳಿ ಅರಿವೆ ಹಾಸಿದರೆ ಮುಗಿಯಿತು. ಕೂಸಿನ ಬೆನ್ನಿಗೆ ಗೊತ್ತಾದರೆ ಸಾಕು.

ಶನಿವಾರ, ಮಧುಕರಿ ಬೇಡುವ ಹರಕೆಯಿದೆ ಎಂದು ಸೊಸೆಗೆ ಹೇಳಿ ಬಸ್ಸು ಹತ್ತಿದಳು. ಗಾಣಗಾಪುರದಲ್ಲಿ ಮಧ್ಯಾಹ್ನ ಭಕ್ತರೆಲ್ಲ ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುತ್ತಾರೆ. ಸಾಕ್ಷಾತ್ ದತ್ತನೇ ಆ ಗುಂಪಿನಲ್ಲಿರುತ್ತಾನೆಂಬುದು ನಂಬಿಕೆ. ದೇವರೇ ಜೋಳಿಗೆ ಹೊತ್ತ ಊರಿನಲ್ಲಿ ಸಕ್ಕುಬಾಯಿಯ ಜೋಳಿಗೆ ಕೊಂಚ ದೊಡ್ಡದೆಂದು ಯಾರು ನೋಡಿಯಾರು?

ಯಾರೂ ನೋಡಲಿಲ್ಲ. ಬೀದಿಯೆಲ್ಲ ಪ್ರಸಾದ ಉಂಡು ತೂಕಡಿಸುತ್ತಿತ್ತು. ಕೀಲಿ ಸಲೀಸಾಗಿ ತಿರುಗಿತು. ನೆಲದಲ್ಲಿ ಅಲ್ಲಲ್ಲಿ ಒರೆಸಿದ ಹಸಿ ಇತ್ತು, ಮೂಲೆಯಲ್ಲಿ ಊದುಬತ್ತಿಯ ಬೂದಿ ಇನ್ನೂ ಬಿಸಿಯಾಗಿತ್ತು. ಹಳೇ ಮನೆ, ತಂಪು ಉಳಿಯುತ್ತದೆ ಎಂದುಕೊಂಡಳು. ಊದುಬತ್ತಿಯ ಬಗ್ಗೆ ಏನೂ ಅಂದುಕೊಳ್ಳಲಿಲ್ಲ.

ಈಗ ಕಲ್ಯಾಣಕುಮಾರ ಮೂರು ದಿನ ಬಾಳಬೇಕಿತ್ತು. ತಂದಿದ್ದ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಲ್ಲಿಟ್ಟಳು. ಮರಾಠಿ ಪತ್ರಿಕೆಯ ಮೇಲೆ ಶೇಂಗಾ ಸಿಪ್ಪೆ ಚೆಲ್ಲಿದಳು. ಎಲೆ, ಅಡಿಕೆ, ಸುಣ್ಣ ಬಾಯಿತುಂಬ ಅಗಿದು ಮೂಲೆಗೆ ಉಗುಳಿದಳು. ಉಗುಳಿದ್ದು ತವರುಮನೆಯ ಗೋಡೆಗೆಂದು ಒರೆಸಲು ಸೆರಗು ಹಿಡಿದಳು, ಆಮೇಲೆ ಕಲೆ ಚೆನ್ನಾಗಿ ಬಂದಿದೆ ಅನ್ನಿಸಿತು. ಅವನಿಗೆ ಮದುವೆಯಾಗಿಲ್ಲ ಎಂದೂ ಗೊತ್ತುಮಾಡಿಕೊಂಡಳು. ಇಂಥ ಹೊಲಸನಿಗೆ ಯಾರು ಹೆಣ್ಣು ಕೊಟ್ಟಾರು?

ಕೌದಿ ಮಡಿಸಿ ಜೋಳಿಗೆಗೆ ತುರುಕಿದ್ದೇ ತಡ, ಬಾಗಿಲು ಸರಿಯಿತು. ಹೊಸ್ತಿಲಲ್ಲಿ ಸುಭದ್ರಾಬಾಯಿ, ಕೈಯಲ್ಲಿ ಕೂಸಿನ ಹೊಸ ಕುಂಚಿಗೆ.

"ಅಯ್ಯ! ಅಕ್ಕಾ, ನೀವಿಲ್ಲಿ?"

ಸಕ್ಕುಬಾಯಿ ರೆಪ್ಪೆ ಬಡಿಯಲಿಲ್ಲ. "ಮಧುಕರಿಗಿ ಬಂದಿದ್ದೆ ಬೇ. ನೋಡ್ತೇನಿ, ನಮ್ಮನಿ ಬಾಗಿಲಾ ತೆರದದ! ಒಳಗ ಯಾವನೋ ತಿಂದು, ಉಗುಳಿ, ಹೊಲಸೆಬ್ಬಿಸ್ಯಾನ. ನನ್ನ ಕಂಡಿದ್ದೇ ಕೌದಿ ಒಗದು ಓಡಿದ. ಎತ್ತಿ ಜೋಳಿಗ್ಯಾಗ ಇಟಗೊಂಡೇನಿ."

ಸುಭದ್ರಾಬಾಯಿಯ ಕಣ್ಣು ತುಂಬಿತು. "ದತ್ತನೇ ನಿಮ್ಮನ್ನ ಕಳಿಸ್ಯಾನ್ರಿ! ಕೂಸಿಗಿ ಕೌದಿ ಒಯ್ಯಬೇಕಂತ ಗುರುವಾರನೇ ಬರಾಕಿದ್ದೆ. ಆ ಸೊಲ್ಲಾಪುರದಂವ ಅಡ್ಡ ಬಂದ. ಗಿರಾಕಿ ಮಲಗಿದ ಹಾಸಗಿ ಹ್ಯಾಂಗ ಎಳೀಲಿ? ಅಂವ ಹೋಗಲಿ ಅಂತ ಕಾದೆ."

ಇಲ್ಲಿ ಸುಮ್ಮನಿದ್ದಿದ್ದರೆ ನರಿ ಗೆಲ್ಲುತ್ತಿತ್ತು. ಆದರೆ ತಾನು ಕಟ್ಟಿದ ಮನುಷ್ಯನನ್ನು ಅವಸರದಲ್ಲಿ ಹೊರಗೆ ಹಾಕಿದರೆ ಸಕ್ಕುಬಾಯಿ ಹೇಗೆ ಸಹಿಸಿಯಾಳು?

"ಎಲ್ಲಿ ಹೋಗ್ತಾನಬೇ? ಗುರುವಾರ, ಶುಕ್ರವಾರ, ಶನಿವಾರ ಹಿಡದಾನಲ್ಲ! ಇವತ್ತೂ ಅವಂದೇ ಮನಿ!"

ಸುಭದ್ರಾಬಾಯಿ ಗೋಡೆಯ ಹಸಿ ಕೆಂಪನ್ನು ನೋಡಿದಳು, ಆಮೇಲೆ ಸಕ್ಕುಬಾಯಿಯ ಕೆಂಪು ತುಟಿಯನ್ನು. "ಅಂವ ಯಾವ ವಾರ ಹಿಡದಾನಂತ ನಿಮಗ್ಯಾರು ಹೇಳಿದ್ರು ಅಕ್ಕಾ?" ಎಂದು ಮೆಲ್ಲಗೆ ಕೇಳಿ, ಫೋನು ತೆಗೆದು ಮುಂದೆ ಹಿಡಿದಳು. "ಇದು ದಿನ ಎಣಸಂಗಿಲ್ರಿ, ರಾತ್ರಿ ಎಣಸ್ತದ. ಶನಿವಾರ ಅಂವ ಎದ್ದು ಹೋಗೋ ದಿನ. ಈಗ ಅರ್ಧ ತಾಸಿನ ಹಿಂದ ಸಾಬವ್ವ ಬಂದು ಮನಿ ಒರಸಿ, ಊದಿನಕಡ್ಡಿ ಹಚ್ಚಿ ಹೋಗ್ಯಾಳ." ಹಸಿರು ಪಟ್ಟಿ ಶನಿವಾರದ ಚೌಕದ ನಟ್ಟನಡುವೆ ನಿಂತಿತ್ತು. ಅದು ಚೆಂದಕ್ಕೆ ಬಿಟ್ಟ ಅಂಚಾಗಿರಲಿಲ್ಲ. ಉಳಿದರ್ಧ ಚೌಕದಲ್ಲಿ, ಮಧ್ಯಾಹ್ನದಿಂದ ಮುಂದಕ್ಕೆ, ಸುಭದ್ರಾಬಾಯಿ ತನ್ನ ಹೆಸರಿಗೇ ಮನೆ ಹಿಡಿದಿಟ್ಟುಕೊಂಡಿದ್ದಳು.