ಬೆನ್ನು ತಿರುಗಿಸಿದವಳು

ಹೆಸರೇನೋ ಹುಲಿಯಾ ಮಾಸ್ತರ. ದುರ್ಗಾಬಾಯಿಯ ಎದುರು ನಿಂತರೆ ಮಾತ್ರ ಇಲಿ. ಹೊರಡುವಾಗಿನ "ಬತ್ತೆ ಬಾಯೀ" ಎಂಬುದರ ಹೊರತು ಅವನ ಬಾಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ. ಅದನ್ನಾದರೂ ಅವಳು ಕೇಳಿಸಿಕೊಳ್ಳಬೇಕಲ್ಲ! ಪ್ರತಿ ಶನಿವಾರ ವಾಚನಾಲಯದ ಬಾಗಿಲಲ್ಲಿ ಅವನು ಛತ್ರಿ ಎತ್ತಿಕೊಂಡು "ಬತ್ತೆ" ಅನ್ನುವುದು, ಅವಳು ಫಕ್ಕನೆ ಬೆನ್ನು ತಿರುಗಿಸಿ ಒಳಗೆ ಹೋಗಿಬಿಡುವುದು. ಒಂದು ನಗೆಯಿಲ್ಲ, ಒಂದು "ಹೂಂ" ಇಲ್ಲ.

ಹುಲಿಯಾನ ಊರು ಅಂಕೋಲೆಯ ಹಟ್ಟಿಕೇರಿ. ಅವನ ಮನೆಯಲ್ಲಿ ಯಾರೇ ಹೊರಟರೂ ಉಳಿದವರೆಲ್ಲ ಬೇಲಿಯ ದಣಪೆಯ ತನಕ ಬಂದು, ಹೋಗುವವನು ತಿರುವು ದಾಟುವವರೆಗೆ ನಿಂತು ನೋಡಬೇಕು. ಜಗಳ ಆಡಿದವರಿಗೆ ಮಾತ್ರ ಬೆನ್ನು. ಹಾಗಾಗಿ ಕಾರವಾರದ ಈ ಹುಡುಗಿಗೆ ತನ್ನ ಮುಖ ಕಂಡರಾಗದು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಪಾಪ, ಆದರೂ ಶುಕ್ರವಾರ ಬಂತೆಂದರೆ ಇದ್ದೊಂದು ಒಳ್ಳೆಯ ಅಂಗಿಯನ್ನು ತಿಕ್ಕಿ ತಿಕ್ಕಿ ಒಗೆಯುತ್ತಿದ್ದ.

ದುರ್ಗಾ ಮರಾಠಿ ಶಾಲೆಯ ಟೀಚರು. ಅವಳ ಬಾಬಾ ಮಾಬ್ಲೇಶ್ವರ ತಾಂಡೇಲನಿಗೆ ಮೀನಿನ ದೋಣಿಗಳಿದ್ದವು. ಅವನ ಬಾಯಿಗೆ ಇಡೀ ಬಂದರ ಹೆದರುತ್ತಿತ್ತು. ಇವರಿಬ್ಬರನ್ನು ಒಂದು ಮೇಜಿಗೆ ತಂದದ್ದು ವಾಚನಾಲಯದ ಕೇಶವರಾಯರ ಹುಚ್ಚು. ಶನಿವಾರ ಸಂಜೆ ಒಂದೇ ವಿಷಯದ ಮೇಲೆ ಒಂದು ಕನ್ನಡ ಕತೆ, ಒಂದು ಮರಾಠಿ ಕತೆ ಗಟ್ಟಿಯಾಗಿ ಓದುವುದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚೆ ಮಾಡುವುದು. ಕನ್ನಡ ಹುಲಿಯಾನ ಪಾಲು. ಮರಾಠಿ ದುರ್ಗಾಳದು, ಓದುತ್ತಾ ಓದುತ್ತಾ ಕನ್ನಡದಲ್ಲಿ ಅರ್ಥವನ್ನೂ ಹೇಳುತ್ತಿದ್ದಳು.

ಮೂವತ್ನಾಲ್ಕನೇ ಇಸವಿಯ ಮಳೆಗಾಲ ಮುಗಿದು ಮುಂಬಯಿಗೆ ಹೋಗುವ ಉಗಿಹಡಗು, ಆಗಬೋಟಿ, ಮತ್ತೆ ಶುರುವಾಗಿತ್ತು. ಹುಲಿಯಾನಿಗೆ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಅವ್ವಿ ಹೊನ್ನಮ್ಮ ಹುಡುಗಿಯನ್ನು ನೋಡಿಟ್ಟಿದ್ದಳು. "ಆಗಬೋಟಿ ಹತ್ತೂಕೆ ಮುಂಚೆ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಹೆಣ್ಣಿನವರನ್ನ ಕಾಯ್ಸೂಕೆ ಆಗೂದಿಲ್ಲ" ಎಂದಿದ್ದಳು. ಬೆನ್ನು ತಿರುಗಿಸುವವಳನ್ನು ನಂಬಿ ಉಹೂಂ ಅನ್ನುವುದು ಹೇಗೆ?

ಅವನು ಹೊರಡುವ ಮುಂಚಿನ ಶನಿವಾರದ ವಿಷಯ, ಊರು ಬಿಟ್ಟು ಹೋಗುವ ಗಂಡ. ಕನ್ನಡ ಕತೆಯ ಹೆಂಡತಿ ಹೊಳೆಯ ದಂಡೆಯಲ್ಲಿ ನಿಂತು, ಗಾಡಿ ಆಚೆ ದಡ ಹತ್ತಿ ಮರೆಯಾಗುವ ತನಕ ನೋಡುತ್ತಾ ಅಳುತ್ತಾಳೆ. ಮರಾಠಿ ಕತೆಯಲ್ಲಿ ಗಂಡ ದೋಣಿ ಹತ್ತುತ್ತಾನೆ, ಹೆಂಡತಿ ತಿರುಗಿ ಮನೆಗೆ ಬಂದು ಅಕ್ಕಿ ಕೇರುತ್ತಾ ಕೂರುತ್ತಾಳೆ.

"ಇವಳಿಗೆ ಎದೆ ಅನ್ನೂದು ಉಂಟಾ?" ಎಂದ ಹುಲಿಯಾ. ಸಿಟ್ಟೆಲ್ಲ ಆ ಕತೆಯವಳ ಮೇಲೇ ಏನೂ ಅಲ್ಲ. "ಗಂಡ ಸಮುದ್ರಕ್ಕೆ ಹೋಗ್ತಾನೆ, ಇವಳು ಅಕ್ಕಿ ಕೇರ್ತಾಳೆ!"

ದುರ್ಗಾ ಪುಸ್ತಕ ಮುಚ್ಚಿದಳು. "ನಿಮ್ಮವಳೇ ಅಪಶಕುನ, ಮಾಸ್ತರೇ. ಹೋಗೂನ ಬೆನ್ನು ನೋಡ್ತಾ ಅಳೂದಾ? ನಮ್ಮನೇಲಿ ಹಂಗೆ ನಿಂತ್ರೆ ಆಯಿ ಎರಡು ಬಿಡ್ತಿದ್ದಳು."

"ಎತ್ತು ಏರಿಗೆ, ಕೋಣ ನೀರಿಗೆ!" ಕೇಶವರಾಯರು ನಕ್ಕರು. "ನೋಡಿದ್ರೆ ಎಂತ ಆಗ್ತದೆ ಬಾಯೀ?"

"ಸಮುದ್ರಕ್ಕೆ ಗೊತ್ತಾಗ್ತದೆ, ಇವ ಯಾರಿಗೋ ಬೇಕಾದವ ಅಂತ. ಬೇಕಾದವರನ್ನ ಅದು ಇಟ್ಕೊಳ್ತದೆ, ವಾಪಸು ಕೊಡೂದಿಲ್ಲ. ಬೇಡಾದವರನ್ನ ಎಷ್ಟು ಹೊತ್ತು ನೋಡಿದ್ರೂ ಚಿಂತೆಯಿಲ್ಲ." ಅಷ್ಟು ಹೇಳಿದವಳೇ ದುರ್ಗಾ ನಾಲಗೆ ಕಚ್ಚಿಕೊಂಡಳು. ಕಿವಿಯ ತನಕ ಕೆಂಪಾದಳು.

ಹುಲಿಯಾ ಕೂತಲ್ಲೇ ಬೆವೆತ. ಕೇಶವರಾಯರನ್ನು ಅವಳು ಬೀದಿಯ ಕೊನೆಯ ತನಕ ನಗುನಗುತ್ತಾ ನೋಡಿ ಕಳಿಸುತ್ತಿದ್ದಳು. ಟಪಾಲಿನವನನ್ನೂ ನೋಡುತ್ತಿದ್ದಳು. ಬೆನ್ನು ತಿರುಗಿಸಿದ್ದು ಇವನೊಬ್ಬನಿಗೇ. ಥತ್, ಎಂಥ ಪೆದ್ದ ನಾನು ಅಂದುಕೊಂಡ.

ಜನ ಎದ್ದು ಹೋದ ಮೇಲೂ ಅವನು ಬಾಗಿಲಲ್ಲೇ ಉಳಿದ. "ಬಾಯೀ, ನಂಗೆ ಮಾತ್ರ ಬೆನ್ನು ತಿರುಗಿಸ್ತಿದ್ರಿ."

"ಈಗ ತಿಳೀತಾ?" ಅವಳು ಓರೆಗಣ್ಣಲ್ಲಿ ನೋಡಿದಳು. "ಇಷ್ಟು ಕತೆ ಓದ್ತೀರಿ, ದೇವರು ಬುದ್ಧಿ ಒಂದು ಕೊಡ್ಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ನಿಮ್ಮ ಕತೆಯವಳು ಎಂತಕೆ ಅಷ್ಟು ಹೊತ್ತು ನಿಂತಳು?"

"ಹೋಗೂನು ತಿರುವಿನಲ್ಲಿ ಒಂದ್ಸಲ ಹಿಂದೆ ನೋಡ್ತಾನೆ. ಅಲ್ಲಿ ಯಾರೂ ಕಾಣ್ಲಿಲ್ಲ ಅಂದ್ರೆ, ವಾಪಸು ಬಾ ಅನ್ನೂರು ಅವನಿಗೆ ಯಾರೂ ಇಲ್ಲ ಅಂತ."

"ಅಯ್ಯೋ ದೇವಾ! ಹಂಗಾರೆ ವಾರ ವಾರ ನಾ ನಿಮ್ಮನ್ನ ಹೊರಗೆ ಹಾಕ್ದಂಗೆ ಆಯ್ತಲ್ಲ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅವನು ಅವ್ವಿ ನೋಡಿದ ಹುಡುಗಿಯ ವಿಷಯ ಹೇಳಿದ. "ನಂಗೆ ನೀವು ಬೇಕು. ಅವ್ವಿಗೆ ಎಂತ ಹೇಳಲಿ?"

ದುರ್ಗಾಳ ಕಣ್ಣು ತುಂಬಿತು. "ಬೆನ್ನು ತಿರುಗ್ಸೂದು ಸಲೀಸು, ಮಾಸ್ತರೇ. ಬಾಬಾನ ಎದುರು ಬಾಯಿ ಬಿಡೂದು ಕಷ್ಟ. ಜಾತಿ ಬೇರೆ, ಮಾತು ಬೇರೆ. ನಂಗೆ ಧೈರ್ಯ ಸಾಲೂದಿಲ್ಲ." ಬೆನ್ನು ತಿರುಗಿಸಿ ಒಳಗೆ ಹೋದಳು. ಹುಲಿಯಾನಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಹೊರಡುವ ದಿನ ಬೆಳಿಗ್ಗೆ ಹೊನ್ನಮ್ಮ ಬಂದರದ ಧಕ್ಕೆಗೆ ಬಂದಳು. "ಹೇಳಾ ಮಗಾ, ಹೂಂ ಅಲ್ದಾ?"

"ತಡಿಯೇ ಅವ್ವಿ" ಎಂದು ಅವನು ಸುತ್ತ ನೋಡಿದ. ಧಕ್ಕೆಯ ಇನ್ನೊಂದು ತುದಿಯಲ್ಲಿ ತಾಂಡೇಲ ಆಳುಗಳಿಗೆ ಬೈಯುತ್ತಿದ್ದ. ಪಕ್ಕದಲ್ಲಿ ದುರ್ಗಾ ತಲೆ ತಗ್ಗಿಸಿ ನಿಂತಿದ್ದಳು. ಆಗಬೋಟಿ ದೂರದಲ್ಲಿ ನಿಂತು ಸೀಟಿ ಹಾಕಿತು. ಅಲ್ಲಿಗೆ ಒಯ್ಯುವ ದೋಣಿಯಲ್ಲಿ ಹುಲಿಯಾ ಕೂತ. ಅವಳ ಮನೆಯ ಪದ್ಧತಿಯನ್ನು ತಾನೂ ನಡೆಸೋಣ, ಸಮುದ್ರಕ್ಕೆ ಯಾಕೆ ಸುಳಿವು ಕೊಡುವುದು ಎಂದು ದಡಕ್ಕೆ ಬೆನ್ನು ಹಾಕಿ ಕೂತ. ಅವ್ವಿಗೆ ಏನು ಹೇಳಬೇಕೆಂದು ಇನ್ನೂ ತಿಳಿದಿರಲಿಲ್ಲ.

ದೋಣಿಯವ ರಾಮಾ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಅರೇ, ತಾಂಡೇಲರ ಮಗಳಿಗೆ ಎಂತ ಆಯ್ತು? ಈ ಬದಿಗೇ ನೋಡ್ತಾ ನಿಂತದ್ಯಲ್ಲ!"

ಹುಲಿಯಾ ತಿರುಗಿದ. ದುರ್ಗಾ ಧಕ್ಕೆಯ ಅಂಚಿಗೆ ಬಂದಿದ್ದಳು. ಹೆದರಿಕೆಗೆ ಕಂಬವನ್ನು ತಬ್ಬಿ ಹಿಡಿದಿದ್ದಳು, ಕಣ್ಣು ಮಾತ್ರ ಅವನ ಮೇಲಿಂದ ಕದಲಲಿಲ್ಲ. ಹಿಂದಿನಿಂದ ತಾಂಡೇಲ ಗುಡುಗುತ್ತಿದ್ದ.

"ನೋಡ್ತೆ ಬಾಬಾ! ಇವ ನಂಗೆ ಬೇಕಾದವ. ಸಮುದ್ರಕ್ಕೂ ಗೊತ್ತಾಗ್ಲಿ, ನಿಮಗೂ ಗೊತ್ತಾಗ್ಲಿ!" ಮನೆಮಾತು ಕೊಂಕಣಿಯಲ್ಲಿ ಒಮ್ಮೆ ಕೂಗಿದಳು. ಹೊನ್ನಮ್ಮನಿಗೂ ತಿಳಿಯಲೆಂದು ಕನ್ನಡದಲ್ಲಿ ಇನ್ನೊಮ್ಮೆ ಕೂಗಿದಳು.

ಹುಲಿಯಾ ದಡಕ್ಕನೆ ಎದ್ದ. ದೋಣಿ ಓಲಾಡಿತು, ರಾಮಾ ಬೈದ.

"ಅವ್ವೀ!" ಎಂದು ಕೈಯೆತ್ತಿ ಕೂಗಿದ. "ಉಹೂಂ!"

ಹೊನ್ನಮ್ಮ ಮಗನನ್ನು ನೋಡಿದಳು, ಆ ಹುಡುಗಿಯನ್ನು ನೋಡಿದಳು. ಆಮೇಲೆ ತಾಂಡೇಲನನ್ನು ದಾಟಿಕೊಂಡು ಹೋಗಿ ದುರ್ಗಾಳ ಪಕ್ಕದಲ್ಲಿ ನಿಂತಳು. ಆಗಬೋಟಿ ಹೊರಟ ಮೇಲೂ ಇಬ್ಬರೂ ಅಲ್ಲೇ ನಿಂತು ನೋಡುತ್ತಿದ್ದರು.