ಬೋಯಿಂಗ್ ಹುಡುಗಿ, ಏರ್‌ಬಸ್ ಕ್ಯಾಪ್ಟನ್

“ಅದು ವಿಮಾನ ಅಲ್ಲ ಕಣೋ, ಕಬ್ಬಿನ ಗಾಣ. ಮೊಣಕಾಲ ಪಕ್ಕದಲ್ಲೇ ಒಂದು ದೊಡ್ಡ ಚಕ್ರ ಗರಗರ ತಿರುಗ್ತಿರತ್ತೆ. ಊಟ ಮಾಡ್ಬೇಕು ಅಂದ್ರೆ ತಟ್ಟೆ ತೊಡೆ ಮೇಲೆ. ಬೋಯಿಂಗ್ ಹಾರಿಸೋರನ್ನ ಕಂಡ್ರೆ ಪಾಪ ಅನ್ಸತ್ತಪ್ಪ ನಂಗೆ.”

ಮಕಾಸ್ಸರ್ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಕೂತು ಕ್ಯಾಪ್ಟನ್ ಜುಫ್ರಿ ತನ್ನ ಸಹ ಪೈಲಟ್ ಗಿಲಾಂಗ್‌ಗೆ ಹೀಗೆ ಹೇಳುತ್ತಿದ್ದಾಗ, ಹಿಂದಿನ ಮೇಜಿನಿಂದ ಒಂದು ಹೆಣ್ಣುದನಿ ಬಂತು.

“ನಮ್ಮದು ಗಾಣಾನೇ ಇರ್ಲಿ. ನಿಮ್ಮ ಏರ್‌ಬಸ್ ಥರ ನೆಲದ ಮೇಲೆ ನಿಂತಾಗ ಹೊಟ್ಟೆಯೊಳಗಿನ ಪಂಪು ನಾಯಿ ಹಾಗೆ ಬೊಗಳಲ್ವಲ್ಲ.”

ಜುಫ್ರಿ ತಿರುಗಿ ನೋಡಿದ. ಕತ್ತಿನವರೆಗೂ ಜಾಕೆಟ್ ಏರಿಸಿಕೊಂಡ ಹುಡುಗಿ, ಬಟ್ಟಲಿನಿಂದ ಸೂಪ್ ಹೀರುತ್ತಿದ್ದಳು.

“ಅಬ್ಬಾ, ಇಷ್ಟೆಲ್ಲ ಯಾರು ಹೇಳ್ಕೊಟ್ರು? ಮನೇಲಿ ಅಣ್ಣ ಪೈಲಟ್ಟಾ?”

ಅವಳು ಬಟ್ಟಲು ಕೆಳಗಿಟ್ಟಳು. ನಿಧಾನವಾಗಿ ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿದಳು. ಭುಜದ ಮೇಲೆ ಸಹ ಪೈಲಟ್ಟಿನ ಮೂರು ಚಿನ್ನದ ಪಟ್ಟಿಗಳಿದ್ದವು. ಎಲ್ಲರೂ ‘ಇಬು’, ಅಂದರೆ ಅಮ್ಮ, ಎನ್ನುವ ಕ್ಯಾಂಟೀನಿನ ಹಸ್ನಾ ಸೌಟು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಜುಫ್ರಿಯ ಕಿವಿ ಕೆಂಪಾಯಿತು.

ಅವಳ ಹೆಸರು ತೆನ್ರಿ. ಹುಟ್ಟಿದ್ದು ಬೋನೆಯ ಬುಗಿಸ್ ಜನಾಂಗದ ಮನೆತನದಲ್ಲಿ, ಹಾರಿಸುತ್ತಿದ್ದದ್ದು ಇನ್ನೊಂದು ಕಂಪನಿಯ ಬೋಯಿಂಗ್. ಜುಫ್ರಿ ದೂರದ ಪಾದಾಂಗ್ ಕಡೆಯ ಮಿನಾಂಗ್ ಜನಾಂಗದ ಹುಡುಗ. ಕಂಪನಿ ಬೇರೆ, ವಿಮಾನ ಬೇರೆ. ಆದರೂ ಆಮೇಲಿನ ದಿನಗಳಲ್ಲಿ ಇಬ್ಬರ ಡ್ಯೂಟಿಯೂ ಅದು ಹೇಗೋ ಒಂದೇ ಹೊತ್ತಿಗೆ ಮುಗಿಯತೊಡಗಿತು. ಹಾಗೆ ಮುಗಿಯಲೆಂದು ಸಹೋದ್ಯೋಗಿಗಳನ್ನು ಕಾಡಿ ಬೇಡಿ ಪಾಳಿ ಬದಲಿಸಿಕೊಳ್ಳುತ್ತಿದ್ದ ವಿಷಯವನ್ನು ಇಬ್ಬರೂ ಮುಚ್ಚಿಟ್ಟಿದ್ದರು.

ಸಿಕ್ಕಾಗಲೆಲ್ಲ ಜಗಳ ವಿಮಾನದ್ದೇ. ಪೈಲಟ್ ತಪ್ಪು ಮಾಡಲು ಹೊರಟರೂ ತನ್ನ ವಿಮಾನ ಅಷ್ಟು ಸುಲಭವಾಗಿ ಬಿಡುವುದಿಲ್ಲ ಎಂದು ಅವನ ಹೆಮ್ಮೆ. “ಅಮ್ಮನ ಸೆರಗು ಹಿಡ್ಕೊಂಡು ಹಾರ್ತೀರಿ ಅನ್ನಿ,” ಎಂದು ಅವಳು ಕಣ್ಣು ಕಿರಿದಾಗಿಸುತ್ತಿದ್ದಳು. ಆ ಕಿರಿದಾದ ಕಣ್ಣು ನೋಡಲೆಂದೇ ಅವನು ಮತ್ತೊಂದು ಮಾತಾಡಿ ಕೆಣಕುತ್ತಿದ್ದ.

ಒಂದು ಸಂಜೆ ಲೊಸಾರಿ ದಂಡೆಯಲ್ಲಿ ಕೂತಿದ್ದರು. ಕಡಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕೆಂಡದಲ್ಲಿ ಸುಟ್ಟು ಚಪ್ಪಟೆ ಮಾಡಿದ ಬಾಳೆಹಣ್ಣಿನ ಮೇಲೆ ಬೆಲ್ಲದ ಪಾಕ ಸುರಿದು ಗಾಡಿಯವನು ಕೊಟ್ಟಿದ್ದ. ತೆನ್ರಿ ಬೆರಳು ನೆಕ್ಕುತ್ತ ಕೇಳಿದಳು.

“ನಮ್ಮಲ್ಲಿ ಒಬ್ಬರು ಹ್ಯಾಂಡಲ್ ಎಳೆದ್ರೆ ಇನ್ನೊಬ್ಬರದ್ದೂ ಅದರ ಜೊತೆಗೇ ಬರತ್ತೆ. ಪಕ್ಕದವರು ಏನ್ ಮಾಡ್ತಿದ್ದಾರೆ ಅಂತ ಕೈಗೇ ಗೊತ್ತಾಗತ್ತೆ. ನಿಮ್ಮಲ್ಲಿ?”

“ನಮ್ಮಲ್ಲಿ ಇಬ್ಬರಿಗೂ ಬೇರೆ ಬೇರೆ ಪುಟ್ಟ ಕೋಲು. ಇದು ಆಡಿದ್ರೆ ಅದು ಆಡಲ್ಲ.”

“ಹಾಗಾದ್ರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಗೆ ತಿಳಿಯತ್ತೆ?”

“ಬಾಯಿ ಬಿಟ್ಟು ಹೇಳ್ಬೇಕು.”

“ನೀವು ಹೇಳ್ತೀರಾ, ಕ್ಯಾಪ್ಟನ್?”

ಅವಳು ನಗುತ್ತಿರಲಿಲ್ಲ. ಗಾಳಿಗೆ ಹಾರಿದ ಕೂದಲು ತುಟಿಯ ಬೆಲ್ಲಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದಳು. ಜುಫ್ರಿ ಕೈ ಚಾಚಿದರೆ ಆ ಕೂದಲು ಸಿಗುತ್ತಿತ್ತು.

“ಹಣ್ಣು ತಣ್ಣಗಾಗ್ತಿದೆ, ತಿನ್ನು,” ಎಂದ.

ಆಮೇಲೆ ಅವನ ಕಂಪನಿಯಲ್ಲಿ ಪೈಲಟ್‌ಗಳನ್ನು ತೆಗೆದುಕೊಳ್ಳುವ ಸುದ್ದಿ ಬಂತು. ಅವನು ಓಡೋಡಿ ಬಂದು ಹೇಳಿದ. “ಬಂದ್ಬಿಡು ತೆನ್ರಿ. ಏರ್‌ಬಸ್ ಟ್ರೈನಿಂಗ್ ಅವರೇ ಕೊಡ್ತಾರೆ. ನಿನಗೂ ಸೇಫು.”

“ನಾನು ಸೇಫಾಗಿ ಇರಬೇಕು ಅಂತಾನಾ, ಜೊತೆಗಿರಬೇಕು ಅಂತಾನಾ?”

ಎರಡೂ ಎನ್ನಬಹುದಿತ್ತು. ಅವನು ಮಾತ್ರ ಯಾವ ವಿಮಾನದ ಅಪಘಾತದ ಲೆಕ್ಕ ಎಷ್ಟು ಎಂದು ವಿವರಿಸಲು ಶುರುಮಾಡಿದ. ತೆನ್ರಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ಎರಡೂ ಒಳ್ಳೆ ವಿಮಾನಾನೇ ಕ್ಯಾಪ್ಟನ್. ನಿಮಗೂ ಗೊತ್ತು, ನನಗೂ ಗೊತ್ತು,” ಎಂದು ಬ್ಯಾಗ್ ಎತ್ತಿಕೊಂಡಳು.

ಪಶ್ಚಿಮದ ಗಾಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಇಬ್ಬರ ವಿಮಾನಗಳೂ ಅಂಬೋನ್ ದ್ವೀಪದ ಮೇಲಿದ್ದವು. ಕೊಲ್ಲಿಯ ಮೇಲೆ ಕಪ್ಪು ಮೋಡ ಕವಿದಿತ್ತು. ಮೊದಲ ಸರದಿ ತೆನ್ರಿಯದು. ತನ್ನ ಸರದಿ ಕಾಯುತ್ತ ಮೇಲೆ ಸುತ್ತು ಹಾಕುತ್ತಿದ್ದ ಜುಫ್ರಿಗೆ ರೇಡಿಯೋದಲ್ಲಿ ಅವಳ ದನಿ ಕೇಳಿತು: ಇಳಿಯುತ್ತಿಲ್ಲ, ಮತ್ತೆ ಮೇಲೇರುತ್ತಿದ್ದೇವೆ, ನೆಲದ ಹತ್ತಿರ ಗಾಳಿ ದಿಕ್ಕು ಬದಲಿಸುತ್ತಿದೆ. ಎರಡನೇ ಸಲವೂ ಅದೇ ಮಾತು. ದನಿ ಕ್ಯಾಂಟೀನಿನಲ್ಲಿ ಸೂಪ್ ಕೇಳುವಷ್ಟೇ ತಣ್ಣಗಿತ್ತು. ಬೆವರಿದ್ದು ಇವನು. ಮೋಡದೊಳಗೆ ಎಲ್ಲೋ ಅವಳಿದ್ದಾಳೆ, ಸುತ್ತ ಗುಡ್ಡಗಳಿವೆ; ಅಷ್ಟು ಬಿಟ್ಟು ಅವನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

“ಕ್ಯಾಪ್ಟನ್,” ಗಿಲಾಂಗ್ ಅವನ ತೋಳು ಮುಟ್ಟಿದ. “ಕಂಟ್ರೋಲ್ ಟವರ್ ಆಗಲೇ ಎರಡು ಸಲ ನಮ್ಮನ್ನ ಕರೀತು. ನಾನೇ ಉತ್ತರ ಕೊಟ್ಟೆ.”

ಮೂರನೇ ಸಲ ಅವಳ ವಿಮಾನ ಇಳಿಯಿತು. ಮಳೆ ತಗ್ಗಿದ ಮೇಲೆ ಅವನೂ ಇಳಿದ. ಇಳಿದವನೇ ಟರ್ಮಿನಲ್‌ಗೆ ಹೆಚ್ಚುಕಡಿಮೆ ಓಡಿದ. ತೆನ್ರಿ ತನ್ನ ಸಿಬ್ಬಂದಿಯ ನಡುವೆ ಗೋಡೆಗೊರಗಿ ನಿಂತಿದ್ದಳು. ಮುಖ ಬಿಳಿಚಿತ್ತು. ಅವಳ ಕ್ಯಾಪ್ಟನ್, “ಇವಳು ಸರಿಯಾದ ಕ್ಷಣದಲ್ಲಿ ಇಳಿಯೋದು ಬೇಡ ಅಂದಳು, ನಾವು ಬದುಕಿದ್ವಿ,” ಎಂದು ಎಲ್ಲರಿಗೂ ಹೇಳುತ್ತಿದ್ದರು.

ಜುಫ್ರಿಯನ್ನು ಕಂಡು ಅವಳ ಕಣ್ಣು ತುಂಬಿತು. ಒಂದು ಹೆಜ್ಜೆ ಮುಂದೆ ಬಂದಳು.

“ನಾನು ಬಡ್ಕೊಂಡಿದ್ದೆ ತಾನೆ?” ಅವನ ಬಾಯಿಂದ ಬಂದದ್ದು ಇದು. “ನಮ್ಮ ವಿಮಾನ ಆಗಿದ್ರೆ ಇಷ್ಟು ಒದ್ದಾಡಬೇಕಾಗಿತ್ತಾ?”

ತೆನ್ರಿ ನಿಂತಲ್ಲೇ ನಿಂತಳು.

“ಆ ಗಾಳಿ ನಿಮ್ಮದು ನಮ್ಮದು ಅಂತ ನೋಡ್ತಿರಲಿಲ್ಲ,” ಎಂದಳು ಮೆಲ್ಲಗೆ. “‘ಹೇಗಿದ್ದೀಯ’ ಅಂತ ನೀವು ಒಂದು ಮಾತು ಕೇಳ್ತೀರ ಅಂದ್ಕೊಂಡಿದ್ದೆ.”

ಆ ದಿನದ ನಂತರ ಅವಳು ಪಾಳಿ ಬದಲಿಸಿಕೊಳ್ಳುವುದನ್ನು ನಿಲ್ಲಿಸಿದಳು. ಅವನು ಮೆಸೇಜ್ ಬರೆದು ಬರೆದು ಅಳಿಸಿದ. ಒಂದು ಸಲ ಅವಳ ಮನೆಯ ಬೀದಿಯವರೆಗೂ ಹೋಗಿ ವಾಪಸ್ ಬಂದ. ಮೊದಲು ಕೋಪ ಇಳಿಯಲಿ ಎಂದುಕೊಂಡ; ಕೋಪ ಇಳಿದಿರಬಹುದು ಎನಿಸಿದಾಗ ಮುಖ ತೋರಿಸಲು ನಾಚಿಕೆಯಾಯಿತು. ಹೀಗೇ ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಇಬು ಹಸ್ನಾ ಅವನಿಗೆ ಕಾಫಿ ಕೊಡುತ್ತ ಹೇಳಿದರು. “ಹುಡುಗಿ ಇವತ್ತು ಜಕಾರ್ತಾಗೆ ಹೊರಟ್ಲು ಕಣಪ್ಪ. ಕ್ಯಾಪ್ಟನ್ ಟ್ರೈನಿಂಗ್ ಅಂತೆ. ಇನ್ನು ಅಲ್ಲೇ ಇರ್ತಾಳೆ. ಆರನೇ ಗೇಟಲ್ಲಿದ್ದಾಳೆ, ಹೋಗು. ಕಾಫಿ ಎಲ್ಲೂ ಓಡಿಹೋಗಲ್ಲ.”

ಗೇಟಿನ ಬಳಿ ಕೂತಿದ್ದ ಅವಳು ಸಮವಸ್ತ್ರದಲ್ಲಿರಲಿಲ್ಲ. ಹಸಿರು ಅಂಗಿ, ಮಡಿಲಲ್ಲಿ ಚೀಲ. ಅವನನ್ನು ಕಂಡು ಪಕ್ಕದ ಕುರ್ಚಿಯಿಂದ ಕೊಡೆ ತೆಗೆದು ಜಾಗ ಮಾಡಿದಳು.

“ಅವತ್ತು ಅಂಬೋನಲ್ಲಿ ಟವರ್ ನನ್ನ ಎರಡು ಸಲ ಕರೀತು. ನನಗೆ ಕೇಳಿಸ್ಲೇ ಇಲ್ಲ,” ಎಂದ ಜುಫ್ರಿ, ಕೂರುವ ಮೊದಲೇ. “ನೀನು ಆ ಮೋಡದಿಂದ ಹೊರಗೆ ಬರಬೇಕು, ಅಷ್ಟೇ ಬೇಡ್ಕೋತಿದ್ದೆ. ಹೆದರಿಕೆ ತೆನ್ರಿ. ಹೆದರಿಕೆ ಆದ್ರೆ ನಾನು ಏನೇನೋ ಮಾತಾಡ್ತೀನಿ. ನಿನ್ನನ್ನ ಅಷ್ಟು ಇಷ್ಟಪಟ್ಟಿದ್ದೆ. ಈಗಲೂ ಇಷ್ಟ.”

ತೆನ್ರಿ ಗಾಜಿನಾಚೆ ನೋಡಿದಳು.

“ಇದನ್ನ ಕೇಳೋಕೆ ಎಷ್ಟು ಸಂಜೆ ಆ ಕ್ಯಾಂಟೀನಲ್ಲಿ ಕಾದಿದ್ದೀನಿ ಗೊತ್ತಾ? ಹಸಿವಿಲ್ಲದಿದ್ರೂ ಸೂಪ್ ಕುಡ್ಕೊಂಡು.” ನಗಲು ನೋಡಿದಳು, ಆಗಲಿಲ್ಲ. “ಹೋದ ತಿಂಗಳು ಮನೆಯವರು ಒಂದು ಸಂಬಂಧ ತಂದ್ರು. ಪಾರೆಪಾರೆಯ ಡಾಕ್ಟರು. ಒಳ್ಳೆಯವರು. ನನ್ನ ಕೆಲಸದ ಬಗ್ಗೆ ಒಂದೇ ಒಂದು ಮಾತು ಕೇಳಿದ್ರು, ಭಯ ಆಗತ್ತಾ ಅಂತ. ನಾನು ಒಪ್ಕೊಂಡೆ.”

ಗೇಟಿನಲ್ಲಿ ಜನ ಸಾಲು ನಿಲ್ಲತೊಡಗಿದರು. ಅವಳು ಎದ್ದಳು. ಅವನ ಓರೆಯಾಗಿದ್ದ ಟೈಯನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿದಳು.

“ಹೋಗಿ ಬರ್ತೀನಿ, ಉದಾ,” ಎಂದಳು.

ಅವನ ಊರಲ್ಲಿ ಹೆಣ್ಣು ತನ್ನವನನ್ನು ಕರೆಯುವ ಮಾತು ಅದು. ಮೊದಲ ಸಲ ಕರೆದಿದ್ದಳು. ತಿರುಗಿ ನೋಡದೆ ನಡೆದುಹೋದಳು.

ಅವತ್ತು ಜುಫ್ರಿಯ ವಿಮಾನ ತೆರ್ನಾತೆಗೆ ಹೊರಡಬೇಕಿತ್ತು. ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದ ಮೇಲೆ ಅವನು ಗಿಲಾಂಗ್‌ನತ್ತ ತಿರುಗಿದ. “ಇವತ್ತು ನೀನೇ ಹಾರಿಸು. ನನ್ನ ಮನಸ್ಸು ಸರಿಯಿಲ್ಲ. ರೇಡಿಯೋ ನಾನು ನೋಡ್ಕೋತೀನಿ.”

ಗಿಲಾಂಗ್ ತಲೆಯಾಡಿಸಿದ. ಜಕಾರ್ತಾದ ವಿಮಾನ ರನ್‌ವೇ ಬಿಟ್ಟು ಪಶ್ಚಿಮಕ್ಕೆ ವಾಲಿ, ಕಡಲಿನ ಮೇಲೆ ಸಣ್ಣದಾಗುತ್ತ ಹೋಯಿತು. ಟವರ್ ಇವರಿಗೆ ಅನುಮತಿ ಕೊಟ್ಟಿತು. ಜುಫ್ರಿ ಉತ್ತರ ಹೇಳಿದ.

“ಸರಿಯಾಗಿ ಕೇಳಿಸ್ಲಿಲ್ಲ ಕ್ಯಾಪ್ಟನ್,” ಎಂದಿತು ಟವರ್. “ಇನ್ನೊಂದ್ಸಲ ಹೇಳಿ.”

ಅವನು ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದ.