ಕಂಬದ ಮೇಲಿನ ಹೆಸರು

"ಡಾಕ್ಟ್ರಮ್ಮ, ನಮ್ಮನೇಲಿ ಕಳ್ಳತನ ಆಗಿದೆ," ಎಂದ ಕೇಯ್ಸುಕೆ, ಮೆಟ್ಟು ಬಿಡುವುದಕ್ಕೂ ಮೊದಲೇ. "ಮಗುವಿನ ಹೆಸರನ್ನ ಕದ್ದಿದಾರೆ."

ಪುಡಿ ತೂಗುತ್ತಿದ್ದ ನಾನು ತಕ್ಕಡಿಯಿಂದ ಕೈ ತೆಗೆದೆ. ರಸಾಯನಶಾಸ್ತ್ರದ ಪದವಿ ಮುಗಿಸಿ ಡಾಕ್ಟರ್ ಶಿರಾಸೆಯವರ ದವಾಖಾನೆ ಸೇರಿದ ಮೊದಲ ಚಳಿಗಾಲದಲ್ಲೇ ನನಗೊಂದು ಸಂಗತಿ ಸ್ಪಷ್ಟವಾಗಿತ್ತು. ಊರಿನ ಜನ ಆ ಹೆಂಗಸಿನ ಬಳಿಗೆ ಜ್ವರ ತರುವಷ್ಟೇ ಸಲೀಸಾಗಿ ಗುಟ್ಟುಗಳನ್ನೂ ತರುತ್ತಿದ್ದರು.

ಕೇಯ್ಸುಕೆ ಇಬೊ ನದಿಯ ದಂಡೆಯಲ್ಲಿ ಸೋಯಾ ಸಾಸ್ ಮಾಡುವ ಮನೆತನದ ಒಬ್ಬನೇ ಮಗ. ಅವನ ಹೆಂಡತಿ ಮಿಸಾವೊ ಮೂರನೆಯ ಹೆಣ್ಣುಮಗುವನ್ನು ಹೆತ್ತು ಅಂದಿಗೆ ಏಳನೆಯ ದಿನ. ಸಂಜೆ ನೆಂಟರು ಬಂದು, ಮನೆದೇವರ ಬಳಿಯ ಕಂಬಕ್ಕೆ ಅಂಟಿಸಿದ ಕಾಗದದಲ್ಲಿ ಹೆಸರು ನೋಡಿ, ಕೆಂಪು ಕಾಳಿನ ಅನ್ನ ಉಂಡರೆ ಹೆಸರು ನಿಂತಂತೆ. ಆ ಕಾಗದವೇ ಮಾಯವಾಗಿತ್ತು.

"ಯಾವ ಹೆಸರು?" ಎಂದು ಡಾಕ್ಟರ್ ಕೇಳಿದರು.

ಕೇಯ್ಸುಕೆ ನೆಲ ನೋಡಿದ. "ತೋಮೆ. ಅಪ್ಪ ಇಟ್ಟಿದ್ದು."

ತೋಮೆ ಎಂದರೆ 'ನಿಲ್ಲಿಸು'. ಹೆಣ್ಣು ಸಾಕು, ಇಲ್ಲಿಗೆ ನಿಲ್ಲಲಿ ಎಂದು ದೇವರಿಗೆ ಕೊಡುವ ಆಜ್ಞೆ. ಜೀವನವಿಡೀ ಅದನ್ನು ಹೊತ್ತು ತಿರುಗಬೇಕಾದದ್ದು ಮಾತ್ರ ಮಗು. ನನ್ನ ತಂದೆ ನನಗೆ ರಿತ್ಸುಕೊ, ಅಂದರೆ ಕ್ರಮ ತಪ್ಪದವಳು, ಎಂದು ಹೆಸರಿಟ್ಟಿದ್ದರು. ಯಾರಾದರೂ ಕರೆದಾಗಲೆಲ್ಲ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕರೆದಾಗಲೆಲ್ಲ ಈ ಕೂಸಿಗೆ ಏನಾಗಬೇಕು ಎಂದು ಯೋಚಿಸಿದೆ.

"ಮಿಸಾವೊನೇ ತೆಗೆಸಿದಾಳೆ ಅಂತ ಅಪ್ಪನ ಹಟ. ನೆಂಟರು ಬರೋದ್ರೊಳಗೆ ಕಾಗದ ಸಿಗದಿದ್ರೆ ಅವಳನ್ನ ತವರಿಗೆ ಅಟ್ತಾರಂತೆ. ಮಗು ಮಾತ್ರ ಇಲ್ಲೇ ಇರಬೇಕಂತೆ."

"ನೀನೇನಂದೆ?"

"ನಾನೇನನ್ನಲಿ, ಡಾಕ್ಟ್ರಮ್ಮ?"

ಡಾಕ್ಟರ್ ಕೋಟು ಹಾಕಿಕೊಂಡರು.

ಮನೆಯ ಯಜಮಾನ ಗೆಂಜೊ ಬೆಂಕಿಗುಂಡಿಯ ಪಕ್ಕ ಕುಳಿತಿದ್ದರು. ಅವರ ಹೆಂಡತಿ ಕಿಕು ಚಹಾ ಬಸಿಯುತ್ತಿದ್ದರು. ಕೆಲಸದಾಕೆ ಯೋನೆ ಬಾಗಿಲಲ್ಲಿ ನಿಂತಿದ್ದಳು.

"ಕಾಯಿಲೆ ಯಾರಿಗೂ ಇಲ್ಲ. ಕಳ್ಳಿ ಒಳಕೋಣೇಲಿ ಮಲಗಿದಾಳೆ," ಎಂದರು ಗೆಂಜೊ.

"ಬಾಣಂತಿ ದೇವರಿರೋ ಈ ಕೋಣೆಗೆ ಕಾಲಿಡೋ ಹಾಗಿಲ್ಲವಲ್ಲ. ನಿಮ್ಮದೇ ಮಡಿ," ಎಂದರು ಡಾಕ್ಟರ್.

"ಯೋನೆ ಕೈಲಿ ತೆಗೆಸಿರ್ತಾಳೆ."

"ನಾನು ಬೆಳಿಗ್ಗೆಯಿಂದ ಬೀದಿ ತುಂಬ ಕೆಂಪನ್ನ ಹಂಚ್ತಿದ್ದೆ ಯಜಮಾನರೇ," ಎಂದಳು ಯೋನೆ. "ಬುಟ್ಟಿ ತುಂಬಿಸ್ಕೊಳ್ಳೋಕೆ ಮಾತ್ರ ಬಂದುಹೋಗಿದ್ದು. ಬೇಕಾದ್ರೆ ಮೂಲೆಮನೆ ಅಜ್ಜೀನ ಕೇಳಿ. ಉಪ್ಪು ಕಮ್ಮಿ ಅಂತ ಬೈದು, ಎರಡನೇ ಸಲ ಇಸ್ಕೊಂಡ್ರು."

"ಕೇಯ್ಸುಕೆ?"

"ಊಟಕ್ಕೆ ಬಂದಿದ್ದೆ. ಆಗ ಕಾಗದ ಇತ್ತು ಅನ್ಸುತ್ತೆ. ನಾನು ಆ ಕಡೆ ನೋಡಲಿಲ್ಲ."

"ಅದೇ ನಿನ್ನ ಅಭ್ಯಾಸ," ಎಂದರು ಡಾಕ್ಟರ್. "ಮತ್ತೆ ಕಿಕು ಅವರು?"

ಗೆಂಜೊ ನಕ್ಕರು. "ಇವಳಾ? ನಲವತ್ತು ವರ್ಷ ನನ್ನೆದುರು ಬಾಯಿ ಬಿಟ್ಟಿಲ್ಲ."

ಒಳಗೆ ಮಗು ಅಳತೊಡಗಿತು. ಗೆಂಜೊ ಆ ಕಡೆ ತಿರುಗಿ ಗದರಿದರು: "ತೋಮೆ, ಸುಮ್ಮನಿರು."

ಚಹಾ ಬಸಿಯುತ್ತಿದ್ದ ಕಿಕು ಅವರ ಕೈ ನಿಂತಿತು. ಒಂದು ಮೊಣಕಾಲು ಚಾಪೆಯಿಂದ ಮೇಲೆದ್ದು ಮತ್ತೆ ಕೆಳಗಿಳಿಯಿತು. ತಟ್ಟೆಯ ಮೇಲೆ ಚಹಾ ಚೆಲ್ಲಿತ್ತು. ಗಂಡನ ಗದರಿಕೆಗೆ ಬೆಚ್ಚಿದರೆಂದು ನಾನು ತೀರ್ಮಾನಿಸಿದೆ. ಡಾಕ್ಟರ್ ಮಾತ್ರ ಆ ಮೊಣಕಾಲನ್ನೇ ನೋಡುತ್ತಿದ್ದರು.

ಕಂಬವನ್ನು ಪರೀಕ್ಷಿಸುವ ಕೆಲಸ ನನ್ನದಾಯಿತು. ಕಾಗದದ ಮೂಲೆಗಳಿದ್ದ ಜಾಗದಲ್ಲಿ ಅನ್ನದ ಅಂಟು ಇನ್ನೂ ಮೆತ್ತಗಿತ್ತು, ಸುತ್ತಲಿನ ಮರ ನೀರು ಕುಡಿದು ಮಂಕಾಗಿತ್ತು. ಕಾಗದದ ಒಂದು ಎಳೆಯೂ ಅಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲೇ ಬೆಂಕಿ ಉರಿಯುತ್ತಿತ್ತು. ಬಾಚಿ ಸಮಮಾಡಿದ ಬೂದಿಯ ಮೇಲೆ ಸುಟ್ಟ ಕಾಗದದ ಕಪ್ಪು ಪದರ ಎಲ್ಲಿಯೂ ಕಾಣಲಿಲ್ಲ. ಎಲ್ಲವನ್ನೂ ಡಾಕ್ಟರಿಗೆ ವರದಿ ಮಾಡಿದೆ.

"ಒಳ್ಳೆಯದು, ರಿತ್ಸುಕೊ. ಈಗ ಬಾಣಂತಿ ಹತ್ತಿರ ಹೋಗೋಣ."

ಮಿಸಾವೊ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಕಣ್ಣುಗಳಲ್ಲಿ ನೀರಿರಲಿಲ್ಲ. "ತೆಗೆದೋರು ಯಾರೇ ಆಗ್ಲಿ, ಅವರ ಕಾಲಿಗೆ ಬೀಳ್ತೀನಿ," ಎಂದಳು. "ಆದ್ರೆ ತೆಗೆದದ್ದು ನಾನಲ್ಲ, ಡಾಕ್ಟ್ರಮ್ಮ. ನನ್ನ ಕೈಗೆ ಸಿಕ್ಕಿದ್ರೆ ಚೂರುಚೂರು ಮಾಡಿ ಮಾವನ ಅನ್ನಕ್ಕೆ ಕಲಸ್ತಿದ್ದೆ."

"ಹೊಕ್ಕುಳಬಳ್ಳಿ ಉದುರಿತಾ?"

"ನಿನ್ನೆ ಉದುರಿತು. ಅತ್ತೆ ಡಬ್ಬೀಲಿಟ್ಟು ತಮ್ಮ ಪೆಟ್ಟಿಗೇಲಿ ಇಟ್ಕೊಂಡಿದಾರೆ. ಮನೆಯೋರದೆಲ್ಲ, ಅತ್ತೆ ತವರಿಂದ ತಂದ ತಮ್ಮದೂ, ಹೆಸರು ಬರೆದ ಡಬ್ಬೀಲಿ ಅಲ್ಲೇ ಇರೋದು." ಅವಳು ಮಗುವಿನ ಹೊದಿಕೆ ಸರಿಪಡಿಸಿದಳು. "ಮಾವನ ಭಯಕ್ಕೆ ಯೋನೆ ಕೂಡ ಇವಳನ್ನ ಆ ಹೆಸರಲ್ಲೇ ಕರೀತಾಳೆ. ಅತ್ತೆ ಒಬ್ಬರೇ ಒಂದು ಸಲಾನೂ ಕರೆದಿಲ್ಲ."

ಡಾಕ್ಟರ್ ಎಲ್ಲರನ್ನೂ ಬೆಂಕಿಗುಂಡಿಯ ಸುತ್ತ ಕೂರಿಸಿದರು. ಮಿಸಾವೊಗೂ ಕೇಳಿಸಲೆಂದು ಒಳಕೋಣೆಯ ಬಾಗಿಲನ್ನು ಸರಿಸಿಟ್ಟರು.

"ಸಿಟ್ಟಿಗೆ ತೆಗೆದಿದ್ರೆ ಕಾಗದ ಹರೀಬೇಕಿತ್ತು," ಎಂದು ಆರಂಭಿಸಿದರು. "ಹರಿದಿಲ್ಲ. ಬಿಸಿನೀರಿನ ಬಟ್ಟೆ ಒತ್ತಿ, ಅಂಟು ನೆನೆಸಿ ಬಿಡಿಸಿದಾರೆ. ಮಾಯ ಮಾಡೋದಷ್ಟೇ ಉದ್ದೇಶ ಆಗಿದ್ರೆ ಕೈಗೆಟಕೋ ಬೆಂಕಿ ಇತ್ತು. ಸುಟ್ಟೂ ಇಲ್ಲ. ಹೆಸರು ಬರೆದ ಕಾಗದ ಸುಟ್ರೆ ಮಗೂಗೆ ಕೇಡಾಗುತ್ತೆ ಅಂತ ಹೆದರಿದ ಕೈ ಅದು. ಹೆಸರು ಬೇಡ, ಮಗು ಬೇಕು. ಬಿಸಿನೀರು ಯಾವಾಗಲೂ ಕೈಯಲ್ಲಿರೋದು ಅಡುಗೆಮನೆಯೋರಿಗೇ."

"ಯೋನೆಯೂ ಅಡುಗೆಮನೆಯವಳೇ," ಎಂದರು ಗೆಂಜೊ.

"ಯೋನೆ ಬಾಯಲ್ಲಿ ಆ ಹೆಸರು ಬರುತ್ತೆ. ಒಬ್ಬರ ಬಾಯಲ್ಲಿ ಮಾತ್ರ ಬರೋದಿಲ್ಲ. ಆಗ ನೀವು ಆ ಹೆಸರು ಹಿಡಿದು ಗದರಿದಾಗ ಅವರು ಬೆಚ್ಚಿಬೀಳಲಿಲ್ಲ ಗೆಂಜೊ ಅವರೇ, ಏಳೋಕೆ ಹೋದ್ರು. ಚಿಕ್ಕಂದಿನಿಂದ ಕರೆದಾಗಲೆಲ್ಲ ಎದ್ದು ಅಭ್ಯಾಸ ಇರೋರು ಮಾತ್ರ ಹಾಗೆ ಏಳ್ತಾರೆ." ಡಾಕ್ಟರ್ ಕಿಕು ಅವರತ್ತ ತಿರುಗಿದರು. "ನೀವು ತವರಿಂದ ತಂದ ನಿಮ್ಮ ಹೊಕ್ಕುಳಬಳ್ಳಿ ಡಬ್ಬಿ ತೋರಿಸ್ತೀರಾ? ಬೇಡ ಅಂದ್ರೆ ನಾನು ಮುಟ್ಟಲ್ಲ."

ಕಿಕು ಒಳಗೆ ಹೋಗಿ, ಅಂಗೈಯಗಲದ ಮರದ ಡಬ್ಬಿಯೊಂದನ್ನು ತಂದು ಗಂಡನ ಮುಂದಿಟ್ಟರು. ಹಳದಿಗಟ್ಟಿದ ಮುಚ್ಚಳದ ಮೇಲೆ, ಅವರು ಹುಟ್ಟಿದ ದಿನದ ಕೆಳಗೆ, 'ತೋಮೆ' ಎಂದು ಬರೆದಿತ್ತು. ಒಳಗೆ, ಒಣಗಿದ ಬಳ್ಳಿಯ ಮೇಲೆ, ಕಂಬದ ಕಾಗದ ಅಚ್ಚುಕಟ್ಟಾಗಿ ಮಡಚಿ ಕುಳಿತಿತ್ತು.

ಕೇಯ್ಸುಕೆ ಅದನ್ನೇ ನೋಡುತ್ತ, "ಅಮ್ಮಾ, ನಿನ್ನ ಹೆಸರು..." ಎಂದ.

"ನಾನು ನಾಲ್ಕನೇ ಹೆಣ್ಣು. ನನ್ನ ನಂತರವೂ ಹೆಣ್ಣೇ ಹುಟ್ಟಿತು. ಹೆಸರು ಕೆಲಸ ಮಾಡಲಿಲ್ಲ ಅಂತ ಏಟು ಬಿದ್ದದ್ದು ನನಗೆ." ಅವರ ದನಿ ಏರಲಿಲ್ಲ.

"ಹಳೇ ಕಾಲದ ಹೆಸರು," ಎಂದರು ಗೆಂಜೊ. "ಎಷ್ಟೋ ಮನೇಲಿ ಇಡ್ತಾರೆ. ಅದರಲ್ಲೇನೂ ದೋಷ ಇಲ್ಲ."

"ಹಾಗಾದ್ರೆ ಇವರು ಈ ಮನೆಗೆ ಬಂದಾಗ ಅದನ್ನ ಬದಲಾಯಿಸಿದ್ದೇಕೆ?" ಎಂದು ಡಾಕ್ಟರ್ ಕೇಳಿದರು.

ಗೆಂಜೊ ಇಕ್ಕಳ ಎತ್ತಿ ಕೆಂಡ ಕೆದಕಿದರು. ಉತ್ತರ ಕಿಕು ಅವರಿಂದ ಬಂತು.

"ತೋಮೆ ಅನ್ನೋಳು ಮನೆಗೆ ಬಂದ್ರೆ ಪೀಪಾಯೀಲಿ ಸೋಯಾ ಹುದುಗು ಬರೋದು ನಿಂತುಹೋಗುತ್ತೆ ಅಂದ್ರು ನಿಮ್ಮಮ್ಮ. ನೀವು ಹೌದು ಅಂದ್ರಿ. ಹೊಸಿಲು ದಾಟೋಕೆ ಮುಂಚೆ ಸೇವಂತಿಗೆ ಹೂವಿನ ಹೆಸರು ತಗುಲಿಸಿ, ಕಿಕು ಅಂದ್ರಿ. ನನ್ನನ್ನ ಒಂದು ಮಾತು ಕೇಳಲಿಲ್ಲ. ಕೊನೆಗೆ ನನ್ನ ನಿಜವಾದ ಹೆಸರು ನಿಮಗೆ ಮರೆತೂಹೋಯ್ತು. ಮೊಮ್ಮಗಳಿಗೆ ಅದನ್ನೇ ಬರೀವಾಗ ನಿಮ್ಮ ಕೈ ನಡುಗೀತು ಅಂತ ಪಕ್ಕದಲ್ಲೇ ಕೂತು ಕಾದೆ. ನಡುಗಲಿಲ್ಲ." ಅವರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿಮ್ಮ ಪೀಪಾಯಿಗೇ ಆಗದ ಹೆಸರು ನನ್ನ ಮೊಮ್ಮಗಳಿಗೆ ಆಗುತ್ತಾ?"

ಯೋನೆ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಗೆಂಜೊ ಮಗನತ್ತ ತಿರುಗಿದರು. "ಬೆಪ್ಪನ ಹಾಗೆ ಕೂತಿದೀಯಲ್ಲ. ನಿಮ್ಮಮ್ಮನಿಗೆ ಹೇಳು."

ಕೇಯ್ಸುಕೆ ಎದ್ದ. ಆದರೆ ತಾಯಿಯ ಕಡೆಗೆ ಹೋಗಲಿಲ್ಲ. ಒಳಕೋಣೆಯ ಹೊಸಿಲ ಬಳಿ ನಿಂತ. "ಮಿಸಾವೊ, ಪುರಸಭೇಲಿ ಏನಂತ ಬರೆಸಲಿ?"

"ಅಯುಮಿ," ಎಂದಿತು ಒಳಗಿನ ದನಿ.

ಅಯುಮಿ ಎಂದರೆ ನಡಿಗೆ.

"ನನ್ನ ಒಪ್ಪಿಗೆ ಇಲ್ಲ," ಎಂದರು ಗೆಂಜೊ.

"ಪುರಸಭೆಯೋರು ಕೇಳೋದು ಮಗುವಿನ ಅಪ್ಪನ್ನ," ಎಂದು ಡಾಕ್ಟರ್ ಕೋಟಿನ ಗುಂಡಿ ಹಾಕಿಕೊಂಡರು. "ತಾತನ್ನಲ್ಲ."

ಕೇಯ್ಸುಕೆ ಮೆಟ್ಟು ಹಾಕಿಕೊಂಡು ಅಂಗಳ ದಾಟಿದ. ಒಂದು ಸಲವೂ ತಿರುಗಿ ನೋಡಲಿಲ್ಲ. ಈ ಬಾರಿ ಅವನ ಆ ಅಭ್ಯಾಸವನ್ನು ನಾನು ಮನ್ನಿಸಿದೆ.

ನಾವು ಹೊರಡುವಾಗ ಗೆಂಜೊ ಖಾಲಿ ಬಟ್ಟಲನ್ನು ಚಾಪೆಯ ಮೇಲೆ ಮುಂದಕ್ಕೆ ತಳ್ಳಿದರು.

"ಕಿಕು, ಚಹಾ."

ಆಕೆ ಮೊಮ್ಮಗಳ ಕಾಗದವನ್ನು ತಮ್ಮ ಡಬ್ಬಿಯೊಳಗೇ ಇಟ್ಟು ಮುಚ್ಚಳ ಒತ್ತುತ್ತಿದ್ದರು.

"ಕಿಕು."

ಬೆಂಕಿಯ ಮೇಲೆ ನೀರು ಕುದಿಯುತ್ತಿತ್ತು. ಆ ಮೊಣಕಾಲು ಚಾಪೆಯಿಂದ ಮೇಲೇಳಲಿಲ್ಲ.